ಪಾಲ್: ಊರು ಬಿಟ್ಟು ಹೋದ ಒಂದು ಶಬ್ದದ ಚರಿತ್ರೆ

ವಿದ್ಯಾರ್ಥಿ ಮಿತ್ರರೇ,

ದೂರದರ್ಶನದ ಭಾಷಣವಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಮಾತು ಶುರುವಾಗುವುದು ಹೀಗೆಯೇ. 'ಮಿತ್ರರೇ' ಎಂದು ಕರೆಯುವವನಿಗೂ ಹಾಗೆ ಕರೆಸಿಕೊಳ್ಳುವವರಿಗೂ ಮೊದಲು ಪರಿಚಯವೇ ಇರಬೇಕೆಂದಿಲ್ಲ. ಸಭೆಯಿಂದ ಎದ್ದು ಹೊರಗೆ ಬಂದರೆ ಈ ಶಬ್ದವನ್ನು ಯಾರೂ ಬಳಸುವುದೂ ಇಲ್ಲ. ಶಿರಸಿಯ ಬಸ್ ನಿಲ್ದಾಣದಲ್ಲಿ ಒಂದು ತಾಸು ಕುಳಿತು ಕೇಳಿ ನೋಡಿ. ಅಲ್ಲಿ ಒಬ್ಬನೂ ಇನ್ನೊಬ್ಬನನ್ನು 'ಮಿತ್ರಾ' ಎನ್ನುವುದಿಲ್ಲ. ಸಿದ್ದಾಪುರದ ಬಸ್ಸು ಇಳಿದವನು 'ಎಂತದು ಮಾರಾಯ, ಇಷ್ಟು ತಡ' ಎನ್ನುತ್ತಾನೆ. ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವವನು ತನ್ನ ಜೊತೆಗಾರನಿಗೆ 'ದೋಸ್ತ' ಎನ್ನುತ್ತಾನೆ. ಹವ್ಯಕರ ಹುಡುಗರ ಗುಂಪಿನಲ್ಲಿ ಎಲ್ಲರೂ ಎಲ್ಲರಿಗೂ 'ಭಾವ'. ಅಕ್ಕನೇ ಇಲ್ಲದವನಿಗೂ ಅಲ್ಲಿ ಹತ್ತಾರು ಭಾವಂದಿರು. ಅಂಗಡಿ ಸಾಲಿನಲ್ಲಿ ಕೊಂಕಣಿ ಮಾತನಾಡುವವರು ಪರಸ್ಪರ 'ಭಾವ್' ಎನ್ನುತ್ತಾರೆ.

ಇದೇ ಹುಡುಗರ ಕೈಯಲ್ಲಿರುವ ಇಂಗ್ಲಿಷ್ ಕಥೆ ಪುಸ್ತಕದಲ್ಲಿ ಇನ್ನೊಂದು ಶಬ್ದ ಬರುತ್ತದೆ: 'ಪಾಲ್'. ಟಿಪ್ಪಣಿಯಲ್ಲಿ 'ಗೆಳೆಯ, ಆಡುಮಾತಿನ ಪ್ರಯೋಗ' ಎಂದು ಒಂದು ಸಾಲು ಇರುತ್ತದೆ. ಮೇಷ್ಟ್ರು ಅದನ್ನು ಓದಿ ಮುಂದೆ ಹೋಗುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಮೂರೇ ಅಕ್ಷರಗಳ ಈ ಇಂಗ್ಲಿಷ್ ಶಬ್ದ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ನಮ್ಮ ದೇಶದಲ್ಲಿ. ಶಿರಸಿಯ ಅಂಗಡಿ ಸಾಲಿನಲ್ಲಿ ದಿನವೂ ಕೇಳಿಸುವ ಒಂದು ಶಬ್ದ ಅದರ ಹತ್ತಿರದ ನಂಟ. ಯಾವ ಶಬ್ದ ಎಂಬುದನ್ನು ಸ್ವಲ್ಪ ಹೊತ್ತಿನ ಮೇಲೆ ನೋಡೋಣ.

ಮೊದಲು ಒಂದು ಎಚ್ಚರಿಕೆ. 'ಪಾಲ್' ನಮ್ಮಲ್ಲಿ ಹುಟ್ಟಿದ್ದು ಎಂದ ಕೂಡಲೆ ಜಾಣ ವಿದ್ಯಾರ್ಥಿಯೊಬ್ಬ ಎದ್ದು ನಿಂತು, 'ಗೊತ್ತಾಯಿತು, ಅದು ಕನ್ನಡದ ಪಾಲು' ಎನ್ನಬಹುದು. ಅಡಿಕೆ ತೋಟದ ಸೀಮೆಯಲ್ಲಿ ಪಾಲು ಎಂಬುದು ಎಲ್ಲರಿಗೂ ಗೊತ್ತಿರುವ ಶಬ್ದ. ತೋಟದಲ್ಲಿ ಪಾಲು, ಬೆಟ್ಟದಲ್ಲಿ ಪಾಲು, ಪಾಲು ಹಂಚಿಕೊಂಡವನು ಪಾಲುಗಾರ, ಆದ್ದರಿಂದ ಗೆಳೆಯ! ಕೇಳಲು ಸೊಗಸಾಗಿದೆ, ಆದರೆ ತಪ್ಪು. ಎರಡು ಶಬ್ದಗಳ ಉಚ್ಚಾರ ಒಂದೇ ಆಗಿದ್ದರೆ ಅವು ನಂಟರೆಂದು ಹೇಳುವಂತಿಲ್ಲ. ಹಾಗೆ ಹೇಳಹೊರಟರೆ ನಮ್ಮ ಟೆಲಿವಿಷನ್ನಿಗೂ ಗೆಳೆತನಕ್ಕೂ ನಂಟು ಕಟ್ಟಬೇಕಾಗುತ್ತದೆ. ಭಾರತದಲ್ಲಿ 1982ರಲ್ಲಿ ಬಣ್ಣದ ಪ್ರಸಾರ ಆರಂಭವಾದಾಗ ದೂರದರ್ಶನ ಬಳಸಿದ ತಾಂತ್ರಿಕ ಪದ್ಧತಿಯ ಹೆಸರೂ 'ಪಾಲ್' ಎಂದೇ ಇತ್ತು. ಅದು ಮೂರು ಇಂಗ್ಲಿಷ್ ಶಬ್ದಗಳ ಮೊದಲಕ್ಷರ ಸೇರಿಸಿ ಮಾಡಿದ ಹೆಸರು, ಗೆಳೆಯನಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಶಬ್ದದ ವಂಶಾವಳಿ ಹೇಳಬೇಕಾದರೆ ಸಾಕ್ಷಿ ಬೇಕು: ಯಾವ ಕಾಲದಲ್ಲಿ, ಯಾರ ಬಾಯಿಂದ ಯಾರ ಬಾಯಿಗೆ ಹೋಯಿತು, ದಾರಿಯಲ್ಲಿ ಅದರ ಅಕ್ಷರಗಳು ಯಾವ ನಿಯಮದಂತೆ ಬದಲಾದವು ಎಂಬ ಸಾಕ್ಷಿ.

ಇಂಗ್ಲಿಷಿನಲ್ಲಿ ಗೆಳೆಯನಿಗೆ ಇರುವ ಬೇರೆ ಶಬ್ದಗಳನ್ನು ಇಲ್ಲಿಯೇ ಬೇಗ ನೋಡಿಬಿಡೋಣ. 'ಮೇಟ್' ಎಂದರೆ ಮೂಲದಲ್ಲಿ ಜೊತೆಗೆ ಉಣ್ಣುವವನು. 'ಕಂಪ್ಯಾನಿಯನ್' ಎಂಬುದರೊಳಗೆ ಲ್ಯಾಟಿನ್ ಭಾಷೆಯ ರೊಟ್ಟಿ ಅಡಗಿದೆ. ರೊಟ್ಟಿ ಹಂಚಿಕೊಂಡವನೇ ಸಂಗಾತಿ. 'ಕಾಮ್ರೇಡ್' ಒಂದೇ ಕೋಣೆಯಲ್ಲಿ ಮಲಗುವವನು. ನಮ್ಮ ಶಬ್ದಗಳಿಗೂ ಇಂಥ ಹಿನ್ನೆಲೆಗಳಿವೆ. ಹಳಗನ್ನಡದಲ್ಲಿ ಕೆಳೆ ಎಂದರೆ ಸ್ನೇಹ, ಕೆಳೆಯ ಎಂದರೆ ಇಂದಿನ ಗೆಳೆಯ. ಸಂಸ್ಕೃತದ 'ಸ್ನೇಹ'ಕ್ಕೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಉಂಟು. ಅಂಟಿಕೊಳ್ಳುವುದೇ ಅಲ್ಲಿನ ಭಾವನೆ. 'ದೋಸ್ತ' ಪಾರಸಿಯಿಂದ ಬಂದದ್ದು. 'ಮಾರಾಯ' ಎಂಬುದು 'ಮಹಾರಾಯ'. ಒಂದು ಕಾಲದಲ್ಲಿ ಅರಸನಿಗೆ ಸಲ್ಲುತ್ತಿದ್ದ ಮರ್ಯಾದೆಯ ಹೆಸರು ಇಂದು ಚಹಾದಂಗಡಿಯಲ್ಲಿ ಯಾರಿಗಾದರೂ ಸಲ್ಲುತ್ತದೆ. ಅರಸೊತ್ತಿಗೆ ಹೋದರೂ ಬಿರುದು ಉಳಿಯಿತು ಎನ್ನಬಹುದು.

'ಪಾಲ್' ಮಾತ್ರ ಊಟದಿಂದ ಬಂದದ್ದಲ್ಲ, ಕೋಣೆಯಿಂದಲೂ ಅಲ್ಲ. ಇಂಗ್ಲೆಂಡಿನಲ್ಲಿ ಈ ಶಬ್ದ ಬರಹದಲ್ಲಿ ಮೊದಲು ಕಾಣಿಸಿಕೊಳ್ಳುವುದು 1680ರ ದಶಕದಲ್ಲಿ. ಅದನ್ನು ಇಂಗ್ಲಿಷರು ತೆಗೆದುಕೊಂಡದ್ದು ತಮ್ಮ ನಾಡಿನಲ್ಲಿ ಗಾಡಿ, ಗುಡಾರ ಹಾಕಿಕೊಂಡು ಅಲೆಯುತ್ತಿದ್ದ ಒಂದು ಜನಾಂಗದಿಂದ. ಇಂಗ್ಲಿಷರು ಅವರನ್ನು 'ಜಿಪ್ಸಿ' ಎಂದರು. ಈಜಿಪ್ಟಿನಿಂದ ಬಂದವರು ಎಂಬ ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಹೆಸರು ಅದು. ಅವರು ತಮ್ಮನ್ನು ಕರೆದುಕೊಳ್ಳುವುದು ರೋಮಾ ಎಂದು; ಇಂಗ್ಲೆಂಡಿನಲ್ಲಿರುವವರು ರೊಮಾನಿ ಎನ್ನುತ್ತಾರೆ. ಅವರ ಭಾಷೆಯ ಹೆಸರೂ ರೊಮಾನಿ. ಯುರೋಪಿನ ರೊಮಾನಿಯಲ್ಲಿ ಅಣ್ಣತಮ್ಮನಿಗೆ 'ಫ್ರಲ್' ಎನ್ನುತ್ತಾರೆ. ಇಲ್ಲಿ ಫ ಅಕ್ಷರವನ್ನು 'ಫಲ' ಎಂಬಲ್ಲಿ ಉಚ್ಚರಿಸುವಂತೆ ಉಚ್ಚರಿಸಬೇಕು. ಇಂಗ್ಲೆಂಡಿನ ರೊಮಾನಿಯಲ್ಲಿ ಅದು 'ಪ್ರಲ್', 'ಪಲ್' ಆಯಿತು. ನೆರೆಹೊರೆಯ ಇಂಗ್ಲಿಷರ ಬಾಯಲ್ಲಿ ಅದೇ 'ಪಾಲ್'.

ಈ ಜನ ಭಾರತದಿಂದ ಹೋದವರು ಎಂದು ತೋರಿಸಿದ್ದು ಯಾವ ರಾಜನ ಶಾಸನವೂ ಅಲ್ಲ, ಪ್ರವಾಸಿಯ ಬರಹವೂ ಅಲ್ಲ. ಅವರ ಮಾತೇ ಅವರ ಶಾಸನ. ಜರ್ಮನಿಯ ಹಾಲೆ ನಗರದಲ್ಲಿ ಯೋಹಾನ್ ರೂಡಿಗರ್ ಎಂಬ ಪ್ರಾಧ್ಯಾಪಕನಿದ್ದ. ಅವನು ಬಾರ್ಬರಾ ಮಾಕೆಲಿನ್ ಎಂಬ ರೊಮಾನಿ ಹೆಂಗಸನ್ನು ಎದುರಿಗೆ ಕೂಡಿಸಿಕೊಂಡು, ತಾನು ಹೇಳಿದ ವಾಕ್ಯಗಳನ್ನು ಅವಳ ಭಾಷೆಯಲ್ಲಿ ಹೇಳಿಸಿ ಬರೆದುಕೊಂಡ. ಆ ಮೇಲೆ ಅವನ್ನು ಒಂದು ಹಿಂದುಸ್ತಾನಿ ವ್ಯಾಕರಣದ ಜೊತೆ ಹೋಲಿಸಿ ನೋಡಿದ. ಆ ವ್ಯಾಕರಣ ಬರೆದವನು ಬೆಂಜಮಿನ್ ಶುಲ್ಟ್ಸ್ ಎಂಬ ಪಾದ್ರಿ. ತರಂಗಂಬಾಡಿ ಮತ್ತು ಮದರಾಸುಗಳಲ್ಲಿ ಇದ್ದು ಹಾಲೆಗೆ ಮರಳಿದವನು. ಎರಡು ಭಾಷೆಗಳ ಹೋಲಿಕೆ ಕಂಡ ರೂಡಿಗರ್ 1782ರಲ್ಲಿ ತನ್ನ ಲೇಖನ ಪ್ರಕಟಿಸಿದ. ಅದರಲ್ಲಿ ಅವನು ಶಬ್ದಗಳ ಹೋಲಿಕೆಗೆ ನಿಲ್ಲಲಿಲ್ಲ. ಈ ಜನರನ್ನು ಸರಕಾರಗಳು ನಡೆಸಿಕೊಂಡ ರೀತಿ ಅನ್ಯಾಯವೆಂದೂ ಬರೆದ. ಅವನ ಕಾಲದಲ್ಲಿ ಹೀಗೆ ಬರೆದವರು ವಿರಳ.

ಅಕ್ಷರಗಳ ಬದಲಾವಣೆಯ ನಿಯಮವನ್ನು ಕನ್ನಡ ವಿದ್ಯಾರ್ಥಿಗಳು ಇಂಗ್ಲಿಷ್ ವಿದ್ಯಾರ್ಥಿಗಳಿಗಿಂತ ಬೇಗ ಹಿಡಿಯಬಲ್ಲರು. ನಮಗೆ ವರ್ಗೀಯ ವ್ಯಂಜನಗಳ ಪಾಠ ಬಾಯಿಪಾಠವಾಗಿದೆಯಷ್ಟೆ. ಪ್ರತಿ ವರ್ಗದ ನಾಲ್ಕನೆಯ ಅಕ್ಷರ ಶಬ್ದದ ಮೊದಲಲ್ಲಿ ಇದ್ದರೆ ರೊಮಾನಿಯಲ್ಲಿ ಅದು ಅದೇ ವರ್ಗದ ಎರಡನೆಯ ಅಕ್ಷರ ಆಗುತ್ತದೆ. ಘ ಇದ್ದಲ್ಲಿ ಖ, ಧ ಇದ್ದಲ್ಲಿ ಥ, ಭ ಇದ್ದಲ್ಲಿ ಫ. ಸಂಸ್ಕೃತದ ಧೂಮ, ಅಂದರೆ ಹೊಗೆ, ರೊಮಾನಿಯಲ್ಲಿ 'ಥುವ್'. ಭೂಮಿ 'ಫುವ್'. ಭಗಿನಿ, ಅಂದರೆ ಅಕ್ಕ ಅಥವಾ ತಂಗಿ, 'ಫೇನ್'. ಇನ್ನೊಂದು ನಿಯಮ: ಸ್ವರಗಳ ನಡುವೆ ಇದ್ದ ತ ಅಲ್ಲಿ ಲ ಆಗುತ್ತದೆ. ಮೃತ ಎಂಬುದು 'ಮುಲೋ'. ಗತ, ಅಂದರೆ ಹೋದ, 'ಗೆಲೋ'. ಘೃತ, ನಮ್ಮ ತುಪ್ಪ, ಎರಡೂ ನಿಯಮಗಳಿಗೆ ಒಳಗಾಗಿ 'ಖಿಲ್' ಆಗಿದೆ. ಬೆಣ್ಣೆಗೆ ಆ ಶಬ್ದ ಸಲ್ಲುತ್ತದೆ. ಈಗ ಭ್ರಾತೃ ಶಬ್ದವನ್ನು ನೀವೇ ಈ ದಾರಿಯಲ್ಲಿ ನಡೆಸಿ ನೋಡಿ. ಭ ಹೋಗಿ ಫ ಬಂತು, ತ ಹೋಗಿ ಲ ಬಂತು. ಸಿಕ್ಕಿದ್ದು ಫ್ರಲ್. 'ಪಾಲು' ಎಂಬ ಊಹೆಗೆ ಇಂಥ ಒಂದು ಸಾಕ್ಷಿಯೂ ಇಲ್ಲ, 'ಭ್ರಾತೃ'ವಿಗೆ ಸಾಲು ಸಾಲಾಗಿ ಇದೆ.

ಅವರು ನಡೆದ ದಾರಿಯನ್ನೂ ಅವರ ಮಾತು ಹೇಳುತ್ತದೆ. ರೊಮಾನಿಯ ಅಂಕಿಗಳನ್ನು ಕೇಳಿ: ಯೆಖ್, ದುಯ್, ತ್ರಿನ್, ಶ್ತಾರ್, ಪಾಂಜ್, ಶೋವ್. ಇಲ್ಲಿಯವರೆಗೆ ಎಲ್ಲವೂ ನಮ್ಮ ಕಡೆಯದೇ. ಏಳು, ಎಂಟು, ಒಂಬತ್ತಕ್ಕೆ ಬಂದಾಗ ಎಫ್ತಾ, ಓಖ್ತೋ, ಎನ್ಯಾ. ಇವು ಗ್ರೀಕ್ ಶಬ್ದಗಳು. ಹತ್ತಕ್ಕೆ ಮತ್ತೆ ನಮ್ಮ ದಶ, ಅಲ್ಲಿ 'ದೇಶ್'. ಅವರ ಭಾಷೆಯಲ್ಲಿ ಪಾರಸಿಯ ಶಬ್ದಗಳಿವೆ, ಆರ್ಮೇನಿಯಾದ ಶಬ್ದಗಳಿವೆ, ಗ್ರೀಕ್ ಶಬ್ದಗಳು ಬಹಳ ಇವೆ. ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಉತ್ತರ ಭಾರತ ಬಿಟ್ಟವರು ಪರ್ಷಿಯಾ, ಆರ್ಮೇನಿಯಾ ದಾಟಿ, ಗ್ರೀಕ್ ಮಾತನಾಡುವ ಬೈಜಾಂಟಿಯಮ್ ಸಾಮ್ರಾಜ್ಯದಲ್ಲಿ ಬಹುಕಾಲ ನೆಲಸಿ, ಆ ಮೇಲೆ ಯುರೋಪಿನ ತುಂಬ ಹರಡಿದರು. ಹೋದಲ್ಲೆಲ್ಲ ಅಲ್ಲಿಯ ಶಬ್ದಗಳನ್ನು ಗಂಟಿಗೆ ಸೇರಿಸಿಕೊಂಡರು, ಆದರೆ ಮನೆಯವರ ಹೆಸರುಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅಣ್ಣತಮ್ಮ 'ಫ್ರಲ್' ಆಗಿಯೇ, ಅಕ್ಕತಂಗಿ 'ಫೇನ್' ಆಗಿಯೇ ಉಳಿದರು.

ಈಗ ಶಿರಸಿಯ ಅಂಗಡಿ ಸಾಲಿಗೆ ಬರೋಣ. ಅದೇ ಭ್ರಾತೃ ಶಬ್ದ ದೇಶದೊಳಗೇ ಉಳಿದು ಪ್ರಾಕೃತದ ಮೂಲಕ ಮರಾಠಿಯಲ್ಲಿ 'ಭಾವು', ಹಿಂದಿಯಲ್ಲಿ 'ಭಾಯಿ', ಕೊಂಕಣಿಯಲ್ಲಿ 'ಭಾವ್' ಆಯಿತು. ಇಲ್ಲಿ ಒಂದು ಗೊಂದಲಕ್ಕೆ ಅವಕಾಶವಿದೆ. ಕೊಂಕಣಿಗರ 'ಭಾವ್' ಅಣ್ಣತಮ್ಮ; ಕನ್ನಡಿಗರ 'ಭಾವ' ಅಕ್ಕನ ಗಂಡ ಅಥವಾ ಗಂಡನ ಅಣ್ಣ. ಒಬ್ಬನು ಒಡಹುಟ್ಟು, ಇನ್ನೊಬ್ಬನು ಮದುವೆಯಿಂದ ಬಂದ ನಂಟು. ಒಂದೇ ಪೇಟೆಯಲ್ಲಿ ಎರಡೂ ಕೇಳಿಸುತ್ತವೆ, ಎರಡೂ ಸಲುಗೆಯ ಕರೆಗಳೇ, ಮತ್ತು ನನಗೆ ತಿಳಿದಮಟ್ಟಿಗೆ ಈ ಕಾರಣದಿಂದ ಜಗಳವಾದದ್ದಿಲ್ಲ. ಆದರೆ 'ಪಾಲ್' ಶಬ್ದದ ನಂಟ ಕೊಂಕಣಿಯ ಭಾವ್ ಮಾತ್ರ. ಇಂಗ್ಲಿಷಿನ 'ಬ್ರದರ್' ಕೂಡ ಇದೇ ಮನೆತನದ್ದೆಂದು ನಿಮಗೆ ಗೊತ್ತಿರಬಹುದು. ಸಂಸ್ಕೃತ, ಗ್ರೀಕ್, ಇಂಗ್ಲಿಷ್ ಎಲ್ಲ ಒಂದೇ ಮೂಲಭಾಷೆಯ ಮಕ್ಕಳು. ಎಂದಮೇಲೆ ಇಂಗ್ಲಿಷಿನಲ್ಲಿ ಒಂದೇ ಶಬ್ದ ಎರಡು ವೇಷದಲ್ಲಿದೆ. 'ಬ್ರದರ್' ಆ ಭಾಷೆಯ ಜೊತೆಯಲ್ಲೇ ಬಂದದ್ದು, 'ಪಾಲ್' ಭಾರತವನ್ನು ಸುತ್ತಿ, ಗುಡಾರದ ಗಾಡಿಯಲ್ಲಿ ಕುಳಿತು, ಸಾವಿರಾರು ಮೈಲಿ ನಡೆದು ಬಂದದ್ದು.

ಹೀಗೆ ಬಂದವರಿಗೆ ಇಂಗ್ಲೆಂಡ್ ಯಾವ ಸ್ವಾಗತ ಕೊಟ್ಟಿತು? ಹದಿನಾರನೆಯ ಶತಮಾನದ ಆರಂಭದಲ್ಲಿ ಅವರು ಆ ದ್ವೀಪಕ್ಕೆ ಕಾಲಿಟ್ಟರು. 1530ರಲ್ಲಿ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ 'ಈಜಿಪ್ಟರ ಕಾಯಿದೆ' ಬಂತು. ಇನ್ನು ಮುಂದೆ ಅವರು ದೇಶದೊಳಗೆ ಬರಕೂಡದು, ಇದ್ದವರು ಹೊರಡಬೇಕು. 1554ರಲ್ಲಿ ಮೇರಿ ರಾಣಿಯ ಕಾಲದ ಇನ್ನೊಂದು ಕಾಯಿದೆ, ಹೊರಡದೆ ಉಳಿದವರಿಗೆ ಮರಣದಂಡನೆಯನ್ನು ವಿಧಿಸಿತು. 1562ರಲ್ಲಿ ಎಲಿಜಬೆತ್ ರಾಣಿಯ ಕಾಲದಲ್ಲಿ, ಅವರ ಜೊತೆ ಸೇರಿ ಅವರಂತೆ ಬದುಕುವವರನ್ನೂ ಈ ಶಿಕ್ಷೆಯ ವ್ಯಾಪ್ತಿಗೆ ತರಲಾಯಿತು. ಹುಟ್ಟಿನ ಕಾರಣಕ್ಕೆ ಗಲ್ಲು, ಸಹವಾಸದ ಕಾರಣಕ್ಕೂ ಗಲ್ಲು. ಇಂಥ ಕಾಯಿದೆ ಇದ್ದ ನಾಡಿನಲ್ಲೇ, ಒಂದು ನೂರಿಪ್ಪತ್ತು ವರ್ಷಗಳ ತರುವಾಯ, ಇಂಗ್ಲಿಷರ ಆಡುಮಾತಿನಲ್ಲಿ ರೊಮಾನಿಯ 'ಅಣ್ಣಾ' ಕೇಳಿಸತೊಡಗಿತು. ಅಂದರೆ ಕಾಯಿದೆ ಏನೇ ಹೇಳಿದರೂ ಸಂತೆಯಲ್ಲಿ, ಕುದುರೆ ವ್ಯಾಪಾರದಲ್ಲಿ, ಹೊಲದ ಕೂಲಿಯಲ್ಲಿ ಎರಡು ಕಡೆಯ ಬಡವರು ಒಟ್ಟಿಗೆ ಇದ್ದರು. ಕಾಗದದ ಮೇಲೆ ಬರುವ ಎಷ್ಟೋ ಮೊದಲು ಅದು ಅವರ ಬಾಯಲ್ಲಿ ಓಡಾಡಿರಲೇಬೇಕು. ಬಹುಕಾಲ ಅದು ಮರ್ಯಾದಸ್ಥರು ಬಳಸದ ಶಬ್ದವಾಗಿತ್ತು. ಕಳ್ಳರ ಜೊತೆಗಾರ ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿತ್ತು.

ಆ ಶಬ್ದ ಸರಕಾರಕ್ಕೇ ಬೇಕಾದ ಒಂದು ಸಂದರ್ಭ 1914ರಲ್ಲಿ ಬಂತು. ಮೊದಲನೆಯ ಮಹಾಯುದ್ಧಕ್ಕೆ ಸೈನಿಕರು ಸಾಲದಾದಾಗ, ಆ ವರ್ಷದ ಆಗಸ್ಟಿನಲ್ಲಿ ಲಿವರ್‌ಪೂಲ್ ನಗರದಲ್ಲಿ ಲಾರ್ಡ್ ಡರ್ಬಿ ಒಂದು ಉಪಾಯ ಮಾಡಿದ. ಒಂದೇ ಊರಿನವರು, ಒಂದೇ ಕಚೇರಿಯವರು ಒಟ್ಟಿಗೆ ಸೇರಿದರೆ ಒಟ್ಟಿಗೇ ಹೋರಾಡಬಹುದು. ಅದು 'ಪಾಲ್‌ಗಳ ಪಡೆ' ಆಗುತ್ತದೆ. ಯುವಕರು ಸಾಲುಗಟ್ಟಿ ಬಂದರು. ಬೇರೆ ಊರುಗಳೂ ಹಾಗೆಯೇ ಪಡೆ ಕಟ್ಟಿದವು. ಅಕ್ರಿಂಗ್ಟನ್ ಎಂಬ ಸಣ್ಣ ಗಿರಣಿ ಊರಿನ ಪಡೆ 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ಕದನದಲ್ಲಿ ಮುನ್ನುಗ್ಗಿತು. ಹೋದವರು ಸುಮಾರು 700 ಜನ. ಸುಮಾರು ಅರ್ಧ ತಾಸಿನೊಳಗೆ 235 ಮಂದಿ ಸತ್ತರು, 350 ಮಂದಿ ಗಾಯಗೊಂಡರು. ಗೆಳೆಯರು ಒಟ್ಟಿಗೇ ಹೋದದ್ದರಿಂದ ಒಟ್ಟಿಗೇ ಸತ್ತರು, ಒಂದೊಂದು ಬೀದಿಯ ಹಲವು ಮನೆಗಳಿಗೆ ಸಾವಿನ ಸುದ್ದಿ ಒಮ್ಮೆಗೇ ಬಂತು. ಶಿರಸಿಯಷ್ಟೇ ದೊಡ್ಡ ಊರೊಂದನ್ನು ಕಲ್ಪಿಸಿಕೊಂಡರೆ ಇದರ ಭಾರ ತಿಳಿದೀತು.

ಬಳಕೆಯ ಬಗ್ಗೆ ಎರಡು ಮಾತು, ಏಕೆಂದರೆ ನಿಮ್ಮಲ್ಲಿ ಹಲವರು ಇಂಗ್ಲಿಷ್ ಬರೆಯಬೇಕಾದವರು. 'ಪಾಲ್' ಸಮಾನರ ನಡುವಿನ, ಸಲುಗೆಯ ಶಬ್ದ. ಪ್ರಿನ್ಸಿಪಾಲರಿಗೆ ಬರೆಯುವ ಅರ್ಜಿಯಲ್ಲಿ ಅದಕ್ಕೆ ಜಾಗವಿಲ್ಲ. ದೂರದ ಊರಿನ, ಮುಖ ನೋಡದ ಗೆಳೆಯರ ನಡುವೆ ಪತ್ರ ಓಡಾಡುತ್ತಿದ್ದ ದಿನಗಳಲ್ಲಿ 'ಪೆನ್ ಪಾಲ್' ಎಂಬ ಮಾತು ನಮ್ಮ ಹಳ್ಳಿಗಳಿಗೂ ಬಂದಿತ್ತು. ಅಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಆದರೆ ಅಪರಿಚಿತನೊಬ್ಬ ಮುಖ ಗಂಟಿಕ್ಕಿಕೊಂಡು ವಾಕ್ಯದ ಕೊನೆಗೆ 'ಪಾಲ್' ಸೇರಿಸಿದರೆ ಅದು ಸ್ನೇಹವಲ್ಲ, ಬೆದರಿಕೆ. ನಮ್ಮಲ್ಲಿ 'ನೋಡು ಮಾರಾಯಾ, ನನ್ನ ತಂಟೆಗೆ ಬರಬೇಡ' ಎಂದರೆ ಎಷ್ಟು ಸ್ನೇಹವಿದೆಯೋ ಅಷ್ಟೇ. ಧ್ವನಿ ಕೇಳದೆ ಬರೀ ನಿಘಂಟು ನೋಡಿದವನಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅಲೆಯುವ ಜನರ ಮೇಲಿನ ಆ ಹಳೆಯ ಅನುಮಾನವನ್ನು ಇಂಗ್ಲಿಷರು ಹಡಗಿನಲ್ಲಿ ಇಲ್ಲಿಗೂ ತಂದರು. 1871ರಲ್ಲಿ ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಮಾಡಿದರು. 1911ರಲ್ಲಿ ಅದರ ವ್ಯಾಪ್ತಿಯನ್ನು ವಿಸ್ತರಿಸಿದರು. ಒಂದು ಜಾತಿಯಲ್ಲಿ ಹುಟ್ಟಿದ್ದಕ್ಕೇ ಮನುಷ್ಯ ಕಳ್ಳನೆಂದು ದಾಖಲಾಗುತ್ತಿದ್ದ. ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಶಿರಸಿಯಿಂದ ನೂರು ಕಿಲೋಮೀಟರು ದೂರದ ಹುಬ್ಬಳ್ಳಿಯಲ್ಲಿ ಇಂಥ ಜನರನ್ನು ಬೇಲಿಯೊಳಗೆ ಕೂಡಿಹಾಕಿದ ಜಾಗಕ್ಕೆ ಇಂದಿಗೂ 'ಸೆಟ್ಲಮೆಂಟ್' ಎಂಬ ಹೆಸರೇ ಉಳಿದಿದೆ. ಕಾಯಿದೆ ರದ್ದಾದದ್ದು ಸ್ವಾತಂತ್ರ್ಯ ಬಂದ ಐದು ವರ್ಷಗಳ ಮೇಲೆ, 1952ರಲ್ಲಿ. 'ಈಜಿಪ್ಟರ ಕಾಯಿದೆ'ಯನ್ನೂ ಇದನ್ನೂ ಪಕ್ಕದಲ್ಲಿಟ್ಟು ಓದಿದರೆ ಮುನ್ನೂರು ವರ್ಷಗಳ ಅಂತರವಿದೆಯೆಂದು ಅನ್ನಿಸುವುದೇ ಇಲ್ಲ.

ಇದರ ವಿರುದ್ಧ ದಿಕ್ಕಿನ ಪ್ರಯಾಣವೊಂದು ಯಲ್ಲಾಪುರದ ಕಾಡಿನಲ್ಲಿ ಬಂದು ನಿಂತಿದೆ. ರೋಮಾ ಜನ ಭಾರತದಿಂದ ಪಶ್ಚಿಮಕ್ಕೆ ಹೋದರು. ಸಿದ್ದಿಗಳ ಹಿರಿಯರು ಆಫ್ರಿಕದಿಂದ ಪೂರ್ವಕ್ಕೆ ಬಂದರು, ಬಹುಮಟ್ಟಿಗೆ ಪೋರ್ಚುಗೀಸರ ಗುಲಾಮರಾಗಿ. ಗೋವೆಯಿಂದ ತಪ್ಪಿಸಿಕೊಂಡು ಅಥವಾ ಬಿಡುಗಡೆ ಹೊಂದಿ ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಸೀಮೆಗಳಲ್ಲಿ ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಹಲವರ ಮನೆಮಾತು ಕೊಂಕಣಿಯ ಒಂದು ರೂಪ, ಜೊತೆಗೆ ಕನ್ನಡ. ರೋಮಾ ಜನ ಒಡಹುಟ್ಟಿನ ಹೆಸರನ್ನು ಹೊತ್ತು ಹೋಗಿ ಪರರಿಗೆ ಕೊಟ್ಟರು. ಸಿದ್ದಿಗಳಾದರೋ ತಮ್ಮ ಆಫ್ರಿಕದ ಮಾತುಗಳನ್ನು ಬಹುಪಾಲು ಕಳೆದುಕೊಂಡು ನಮ್ಮ ಮಾತುಗಳಲ್ಲಿ ಸಂಸಾರ ಕಟ್ಟಿದರು. ನಾವು ಅವರನ್ನು ನಮ್ಮವರೆಂದು ಎಷ್ಟು ಬೇಗ ಒಪ್ಪಿದೆವು ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ: ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ.

ಯುರೋಪಿನಲ್ಲಿ ರೋಮಾ ಜನರ ಕಷ್ಟ ಕಾಯಿದೆಗಳಿಗೆ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಯೆಹೂದ್ಯರ ಜೊತೆಯಲ್ಲೇ ಇವರನ್ನೂ ಕೊಂದರು. ಸತ್ತವರ ಅಂದಾಜು ಎರಡೂವರೆ ಲಕ್ಷದಿಂದ ಐದು ಲಕ್ಷ. 1944ರ ಆಗಸ್ಟ್ 2ರ ರಾತ್ರಿ ಆಶ್ವಿಟ್ಜ್ ಶಿಬಿರದಲ್ಲಿ ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯನ್ನು, ಹೆಂಗಸರು ಮಕ್ಕಳು ಎನ್ನದೆ, ವಿಷಾನಿಲದ ಕೋಣೆಗೆ ನೂಕಿದರು. ಇದು ಜನಾಂಗಹತ್ಯೆಯೆಂದು ಪಶ್ಚಿಮ ಜರ್ಮನಿಯ ಸರಕಾರ ಒಪ್ಪಿಕೊಂಡದ್ದು 1982ರಲ್ಲಿ. ರೂಡಿಗರನ ಲೇಖನ ಬಂದು ಆಗ ಸರಿಯಾಗಿ ಇನ್ನೂರು ವರ್ಷ.

1971ರ ಏಪ್ರಿಲ್ 8ರಂದು ಲಂಡನ್ನಿನ ಹತ್ತಿರ ಹಲವು ದೇಶಗಳ ರೋಮಾ ಪ್ರತಿನಿಧಿಗಳು ತಮ್ಮ ಮೊದಲ ವಿಶ್ವ ಸಮ್ಮೇಳನಕ್ಕೆ ಸೇರಿದರು. ಭಾರತದಿಂದ ಚಂಡೀಗಢದ ವಿದ್ವಾಂಸ ವೀರ್ ರಾಜೇಂದ್ರ ಋಷಿಯವರು ಹೋಗಿದ್ದರು. ಮೇಲೆ ಆಕಾಶದ ನೀಲಿ, ಕೆಳಗೆ ಹುಲ್ಲಿನ ಹಸಿರು, ನಡುವೆ ಹದಿನಾರು ಅರಗಳ ಕೆಂಪು ಚಕ್ರ: ಅವರು ಒಪ್ಪಿಕೊಂಡ ಧ್ವಜ ಇದು. ಚಕ್ರ ಅವರ ಗಾಡಿಯದೂ ಹೌದು, ನಮ್ಮ ಅಶೋಕ ಚಕ್ರದ ನೆನಪೂ ಹೌದು.

ಇಂಗ್ಲೆಂಡಿನಲ್ಲಿ 'ಪಾಲ್' ಶಬ್ದ ಅತಿ ಹೆಚ್ಚು ಕೇಳಿಸುವ ಜಾಗಗಳಲ್ಲಿ ಪಬ್ ಎಂಬ ಪಾನಗೃಹವೂ ಒಂದು. ಲಂಡನ್ನಿನ ಹ್ಯಾಕ್ನಿ ಭಾಗದ ಒಂದು ಪಬ್ಬಿನ ಬಾಗಿಲಿಗೆ 'ಕ್ಷಮಿಸಿ, ಅಲೆಮಾರಿಗಳಿಗೆ ಪ್ರವೇಶವಿಲ್ಲ' ಎಂಬರ್ಥದ ಫಲಕ ತೂಗುಹಾಕಿದ್ದರು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಜಿಪ್ಸಿಗಳು ಒಂದು ಜನಾಂಗವೇ, ಜನಾಂಗಭೇದದ ವಿರುದ್ಧ 1976ರಲ್ಲಿ ಆದ ಕಾಯಿದೆಯ ರಕ್ಷಣೆ ಅವರಿಗೂ ಉಂಟು ಎಂದು ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟದ್ದು 1988ರಲ್ಲಿ. 'ಪಾಲ್' ಶಬ್ದ ಇಂಗ್ಲಿಷ್ ಬರಹದಲ್ಲಿ ಮೊದಲು ಕಾಣಿಸಿಕೊಂಡು ಆಗ ಮುನ್ನೂರು ವರ್ಷ ದಾಟಿತ್ತು.